ಅತ್ತೆಯ ಕಾಲು, ಮೈದುನನ ಅಂಟು

ಮೊನ್ನೆ ಸಾರಿನ ಆವಿ ಬಡಿದು ಕೈ ಮೇಲೆ ಬೊಬ್ಬೆ ಎದ್ದಿತು. ಮೊಮ್ಮಗಳು ಔಷಧಿ ಅಂಗಡಿಗೆ ಓಡಿಹೋಗಿ ಒಂದು ಟ್ಯೂಬು ತಂದಳು. ಹಿಂಡಿದರೆ ಎಳನೀರಿನ ಗಂಜಿಯಂಥದ್ದು ನಡುಗುತ್ತ ಹೊರಬಂತು. ಹಚ್ಚಿದ ಕೂಡಲೇ ಉರಿ ಇಳಿಯಿತು, ಮೈದುನ ನೆನಪಾದ. ಮುದುಕಿಯರಿಗೆ ಔಷಧಿ ಕೊಟ್ಟವರು ಕಥೆಯನ್ನೂ ಕೇಳಬೇಕಾಗುತ್ತದೆ. ನೀವೂ ಸ್ವಲ್ಪ ಕೂತುಕೊಳ್ಳಿ.

ಅಜ್ಜಂಪುರದ ಮಗ್ಗುಲಿನ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಮಹಾರಾಜರ ಕಾಲದಲ್ಲಿ. ಒಂದಿಷ್ಟು ಬೆದ್ದಲು, ಒಂದಿಷ್ಟು ತೆಂಗು. ಅದು ನನ್ನ ಗಂಡನ ಪಾಲಿನ ಕೆಲಸ. ಮೈದುನ ಊರ ಆಸ್ಪತ್ರೆಯಲ್ಲಿ ಔಷಧಿ ಬೆರೆಸಿಕೊಡುವ ಕಾಂಪೌಂಡರ್. ಜಂಬದ ಮನುಷ್ಯ. ಮೀಸೆ ಹುರಿಮಾಡಿಕೊಂಡು, ಕೆಮ್ಮಿನ ಔಷಧಿ ಕೊಡುವುದನ್ನೂ ದರ್ಬಾರು ನಡೆಸಿದಂತೆ ನಡೆಸುತ್ತಿದ್ದ. ಆ ಜಂಬ ಅವನಿಗೆ ಒಪ್ಪುತ್ತಿತ್ತು ಅನ್ನಿ.

ಅತ್ತೆಯ ಕಣಕಾಲಿನಲ್ಲಿ ಒಂದು ಹುಣ್ಣಿತ್ತು. ಏನು ಮಾಡಿದರೂ ಮಾಯಲೊಲ್ಲದು. ಹೀಗೇ ಬಿಟ್ಟರೆ ಕಾಲನ್ನೇ ತೆಗೆಯಬೇಕಾದೀತು ಎಂದ ಡಾಕ್ಟರು ಹೊಸ ಲೇಪವೊಂದನ್ನು ಹೇಳಿದರು. ಬಿಸಿಮಾಡಿ ಬಳಿದರೆ ಅದು ಆರಿ, ಬೂಟಿನ ಹಾಗೆ ಕಾಲಿಗೆ ಕಚ್ಚಿಕೊಂಡು ಹುಣ್ಣನ್ನು ಕಾಯುತ್ತದಂತೆ. ಮೈದುನ ಅದನ್ನು ಮನೆಗೆ ತಂದು ಕರಗಿಸಿದ. ಅತ್ತೆ ಕಾಲು ಚಾಚಿದರು. ಕುಂಚ ಅದ್ದಿದವನು ಹಾಗೇ ಕೂತುಬಿಟ್ಟ.

"ಅವ್ವಾ, ಒಂದ್ ಮಾತು. ಇದ್ರಲ್ಲಿರೋ ಅಂಟು ದನದ ತೊಗ್ಲು, ಮೂಳೆ ಬೇಯ್ಸಿ ತೆಗ್ದಿದ್ದು."

ಅತ್ತೆ ಕಾಲು ಎಳೆದುಕೊಂಡರು. ಅವರ ತವರು ಎಮ್ಮೆದೊಡ್ಡಿಯ ದನ ಮೇಯುವ ಕಾವಲಿನ ಅಂಚಿನಲ್ಲಿ. ಕೊಟ್ಟಿಗೆಯಲ್ಲಿ ದನ ಸತ್ತ ದಿನ ಒಲೆ ಹಚ್ಚದ ಮನೆ.

"ಕಾಲು ಹೋದ್ರೆ ಹೋಗ್ಲಿ. ನಂಗದು ಬ್ಯಾಡ ಕಣಪ್ಪಾ."

ನನ್ನ ಗಂಡ ಕೆಂಡವಾದರು. "ಲೇ, ಬಾಯ್ ಮುಚ್ಕೊಂಡು ಬಳಿಯೋಕಾಗ್ಲಿಲ್ವೇನೋ? ಅವ್ವಂಗೇನು ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿರ್ಲಿಲ್ಲ. ಅದ್ಕೇ ಹೇಳ್ದೆ ಕಣಣ್ಣಾ."

ಅಂದಿನಿಂದ ನನ್ನ ಅಡುಗೆಮನೆ ಅವನ ಪಾಲಾಯಿತು. ದನದ ಸೋಂಕಿಲ್ಲದ ಅಂಟು ಬೇಕು. ಪ್ರಯೋಗವೆಲ್ಲ ತನ್ನ ಕಾಲಿನ ಮೇಲೇ. ರಾಗಿ ಗಂಜಿ ಬಳಿದುಕೊಂಡು ಆಸ್ಪತ್ರೆಗೆ ಹೋದ. ಬಿಸಿಲಿಗೆ ಹಳೇ ಸುಣ್ಣದಂತೆ ಉದುರಿತು. ಜಾಲಿ ಅಂಟು ಒಣಗಿ ಬಿಗಿದುಕೊಂಡಿತು. ಕೀಳಹೋದರೆ ಕೂದಲ ಸಮೇತ ಬಂತು, ಅವನ ಕೂಗಿಗೆ ಅಕ್ಕಪಕ್ಕದವರೂ ಬಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಒಳಗೊಳಗೇ ಭಯ, ಹುಣ್ಣು ಅಗಲವಾಗುತ್ತಲೇ ಇತ್ತು.

ಕೊನೆಗೆ ತರೀಕೆರೆಯ ಗ್ರಂಥಿಗೆ ಅಂಗಡಿಯಿಂದ ಕತೀರ ಗೋಂದು ತಂದ. ಅದೂ ಮರದ ಅಂಟೇ. ಎರಡು ಚೂರು ನೆನೆಹಾಕಿದ್ದು ಬೆಳಗಾಗುವುದರೊಳಗೆ ಪಾತ್ರೆ ತುಂಬ ಉಬ್ಬಿತ್ತು. ಪಾಯಸ ಹಳಸಿದೆ ಎಂದು ನಾನು ಚೆಲ್ಲಲು ಹೊರಟಿದ್ದೆ! ಅದು ಒಣಗದಿರಲು ಗ್ಲಿಸರಿನ್ ಹಾಕಬೇಕಿತ್ತು. "ಅದ್ನೂ ಕೊಬ್ಬಿಂದ ತೆಗ್ದಿರ್ಬೋದು ಅತ್ತಿಗೆ," ಎಂದು ಅದನ್ನು ಬಿಟ್ಟು ಜೇನು ಹಾಕಿದ, ಸತುವಿನ ಬಿಳಿ ಪುಡಿ ಬೆರೆಸಿದ. ಅತ್ತೆಯ ಕಾಲಿಗೆ ಹಚ್ಚಿದರೆ ಜೇನಿಗೆ ಇರುವೆ ಮುತ್ತಿದವು. ಮಂಚದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡಿಸಿದ.

ಈ ಲೇಪ ಬೂಟಿನಂತೆ ಗಟ್ಟಿಯಾಗಲಿಲ್ಲ. ದಿನಾ ಬೆಳಗ್ಗೆ ತೊಳೆದು ಹೊಸದಾಗಿ ಹಚ್ಚಬೇಕು. ಉಂಡ ತಟ್ಟೆ ಎತ್ತದ ಗಂಡಸು, ಆಸ್ಪತ್ರೆಗೆ ಹೋಗುವ ಮೊದಲು ತಾಯಿಯ ಕೀವು ತೊಳೆಯುತ್ತಿದ್ದ. ಹೊಸ ಅವರೆಕಾಯಿ ಬರುವ ಹೊತ್ತಿಗೆ ಹುಣ್ಣಿನ ಸುತ್ತ ಎಳೆ ಚರ್ಮ ಕೂಡಿತು. ಡಾಕ್ಟರು ಬಂದು ನೋಡಿ ಅವನ ಬೆನ್ನು ತಟ್ಟಿದರು. ಅತ್ತೆ ಒಂದು ದಿನ ಯಾರ ಹೆಗಲೂ ಹಿಡಿಯದೆ ಕೊಟ್ಟಿಗೆಗೆ ನಡೆದರು. ನಾನು ಒಲೆಯ ಮುಂದೆ ಕೂತು ಕಣ್ಣೀರಿಟ್ಟೆ.

ಕಡೆಗಾಲದಲ್ಲಿ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ, ಅನುಮಾನ ಹೆಚ್ಚು. ನಾನು ಕಷಾಯ ಕೊಟ್ಟರೂ "ಏನೇನ್ ಹಾಕಿದ್ದೀಯೇ?" ಎಂಬ ವಿಚಾರಣೆ. ಮೈದುನ ಕೊಟ್ಟರೆ ಮಾತ್ರ ಸುಮ್ಮನೆ ಬಾಯಿ ತೆರೆಯುತ್ತಿದ್ದರು. ಹೊಟ್ಟೆಕಿಚ್ಚಿಗೇ ಒಮ್ಮೆ ಕೇಳಿದೆ: "ಅವ್ರನ್ನ ಏನೂ ಕೇಳೋದೇ ಇಲ್ವಲ್ಲ ಅತ್ತೆ?"

"ಕೇಳೋ ಅಂಥದ್ದಿದ್ರೆ ಅವ್ನೇ ಹೇಳ್ತಿದ್ದ ಕಣೇ."

ಈಗ ನನಗೂ ಅವರ ವಯಸ್ಸು. ಮನೆಯವರು ಹಾಲಿಗೆ ಏನೋ ಪುಡಿ ಬೆರೆಸಿ, "ಬರೀ ಹಾಲಜ್ಜಿ, ಕುಡೀರಿ" ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ನಾನೂ ಕುಡಿಯುತ್ತೇನೆ. ಅತ್ತೆಯ ಹಾಗೆ ನಂಬಿ ಬಾಯಿ ತೆರೆಯುವುದಕ್ಕೆ ಮಾತ್ರ ನನ್ನಿಂದ ಆಗುವುದಿಲ್ಲ.