ಸರ್ಜನ್ ಮೀನಿನ ಹೊಟ್ಟೆನೋವು

ಚಿಂತೆ ಮಾಡುವುದರಲ್ಲಿ ನಾನು ನುರಿತವನು. ಪತ್ರಿಕೆಯ ಆರೋಗ್ಯ ಪುಟ ಓದಿದರೆ ಸಾಕು, ಅಲ್ಲಿ ಬರೆದ ಲಕ್ಷಣಗಳೆಲ್ಲ ಊಟದ ಹೊತ್ತಿಗೆ ನನ್ನ ಮೈಯಲ್ಲಿ ಕಾಣಿಸಿಕೊಳ್ಳುತ್ತವೆ. ಅದಕ್ಕೇ ನನ್ನ ಹೆಂಡತಿ ಗಿರಿಜಾ ಆ ಪುಟವನ್ನು ಮುಂಜಾನೆಯೇ ತೆಗೆದು ಡಬ್ಬಿಗಳ ತಳಕ್ಕೆ ಹಾಸಿಬಿಡುತ್ತಾಳೆ. ಇಂಥವನು ಸಮುದ್ರದ ಮೀನು ಸಾಕಬಾರದು. ಆದರೂ ಸಾಕಿದೆ, ಅದೂ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಪಡಸಾಲೆಯ ಗಾಜಿನ ಟ್ಯಾಂಕಿನಲ್ಲಿ ಕಿತ್ತಳೆ ಬಣ್ಣದ ಎರಡು ಪುಟ್ಟ ಮೀನುಗಳಿದ್ದವು. ಗಿರಿಜಾಳಿಗೆ ಅವೆಂದರೆ ಪ್ರಾಣ. ಅವುಗಳಿಗಾಗಿ ನಾನು ಕಾರವಾರದಿಂದ ಬಸ್ಸಿನಲ್ಲಿ ಕ್ಯಾನುಗಟ್ಟಲೆ ಸಮುದ್ರದ ನೀರು ತರುತ್ತಿದ್ದೆ. ಒಮ್ಮೆ ಕಂಡಕ್ಟರ್ ಮರುಕದಿಂದ ಕೇಳಿದ: "ಇಷ್ಟ ದೂರಿಂದ ನೀರು ಹೊರ್ತೀರಲ್ರಿ, ನಿಮ್ಮ ಓಣ್ಯಾಗ ನಳ ಬರೂದ ಇಲ್ಲೇನ್ರಿ?" ವಾರಕ್ಕೊಮ್ಮೆ ಬಂದರೆ ಬಂತು ಎನ್ನುವ ಹುಬ್ಬಳ್ಳಿಯ ನಳದ ಚರಿತ್ರೆ ಬಲ್ಲವರಿಗೆ ಆ ಪ್ರಶ್ನೆ ತಮಾಷೆಯೆನಿಸದು.

ಆಮೇಲೆ ಬಂದದ್ದು ಸರ್ಜನ್ ಮೀನು. ತಿಳಿನೀಲಿ ಮೈ, ಬೆನ್ನ ಮೇಲೆ ಹಳದಿ ಅಂಚು. ಬಾಲದ ಬುಡದಲ್ಲಿ ಶಸ್ತ್ರವೈದ್ಯರ ಚೂರಿಯಂಥ ಮುಳ್ಳಿರುವುದರಿಂದ ಆ ಹೆಸರು. ಹೊಸ ಮೀನಿನ ರೋಗ ಹಳಬರಿಗೆ ಅಂಟಬಾರದೆಂದು ಕೆಲವು ವಾರ ಅದನ್ನು ಬೇರೆ ಇಡಬೇಕು. ನಾನೂ ಚಿಕ್ಕ ಟ್ಯಾಂಕೊಂದರಲ್ಲಿ ಇಟ್ಟೆ. ಡಾಕ್ಟರರ ಹೆಸರು ಹೊತ್ತು ಬಂದದ್ದು ರೋಗಿಯಾಗಿ ದಾಖಲಾಯಿತು.

ಅದು ಚೆನ್ನಾಗಿ ತಿನ್ನುತ್ತಿತ್ತು. ಆದರೆ ದಿನ ಹೋದಂತೆ ಹೊಟ್ಟೆ ಒಳಕ್ಕೆ ಸೇರಿತು, ಬೆನ್ನು ಅಲಗಿನಂತಾಯಿತು. ಹಿಂದೆ ಬಿಳಿ ನೂಲಿನಂಥ ಮಲ ಜೋತಾಡತೊಡಗಿತು. ಸೈಬರ್ ಕೆಫೆಗೆ ಹೋಗಿ ಓದಿದೆ: ಕರುಳಿನಲ್ಲಿ ಪರೋಪಜೀವಿಗಳಿರಬಹುದು. ಓದಿ ಹೊರಬರುವಷ್ಟರಲ್ಲಿ ನನ್ನ ಹೊಟ್ಟೆಯೂ ಗುಡುಗುಡು ಎನ್ನತೊಡಗಿತ್ತು.

ನನ್ನವ್ವ ಮಾತ್ರ ಟ್ಯಾಂಕಿನ ಹತ್ತಿರ ಸುಳಿಯುತ್ತಿರಲಿಲ್ಲ. "ಲಿಂಗಪೂಜಿ ಮಾಡೋ ಮನ್ಯಾಗ ಮೀನಾ?" ಎಂದು ಮೊದಲ ದಿನವೇ ಮುಖ ತಿರುಗಿಸಿದ್ದಳು. ಆದರೆ ಈ ಮೀನು ತಿನ್ನುವುದು ಸಮುದ್ರದ ಪಾಚಿ, ಹಸಿರು ಸೊಪ್ಪು ಎಂದು ಗೊತ್ತಾದ ಮೇಲೆ ಒಂದು ಸಂಜೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು.

"ಉಣ್ಣೂದು ಉಣ್ಣತೈತಿ, ಮೈಗೆ ಹತ್ತವಲ್ದು," ಎಂದಳು.

ಅಪ್ಪನ ಕಡೆಯ ವರ್ಷ ಅವಳು ಆಡಿದ್ದೂ ಇದೇ ಮಾತು. ಅಪ್ಪ ಎಂದಿನಂತೆ ರೊಟ್ಟಿ ಉಣ್ಣುತ್ತಿದ್ದರು. ಉಣ್ಣುವವನಿಗೆ ಏನು ಜಡ್ಡು ಎಂದುಕೊಂಡು ನಾವು ಅವರ ಅಂಗಿಗಳನ್ನು ದರ್ಜಿಗೆ ಕೊಟ್ಟು ಹಿಡಿಸಿ ಹೊಲಿಸುತ್ತಿದ್ದೆವು. ಡಾಕ್ಟರಿಗೆ ತೋರಿಸುವಷ್ಟರಲ್ಲಿ ಕಾಲ ಮೀರಿತ್ತು. ಈಗ ಟ್ಯಾಂಕಿನ ಮುಂದೆ ಅವ್ವನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಯಾರಿಗರ ತೋರಸಪಾ, ಲಗೂ," ಎಂದಷ್ಟೇ ಹೇಳಿ ಒಳಗೆ ಹೋದಳು.

ನಮಗೆ ಪರಿಚಯದ ಸುಮಿತ್ರಾ ದನಗಳ ಡಾಕ್ಟರು. ಮೀನಿನ ಮಲವನ್ನು ಸಣ್ಣ ಶೀಶೆಯಲ್ಲಿ ಹಿಡಿದು, ಅತ್ತರಿನ ಬಾಟ್ಲಿಯಂತೆ ಜೋಪಾನವಾಗಿ ಸ್ಕೂಟರಿನಲ್ಲಿ ಒಯ್ದೆ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ, "ನನಗ ಎಮ್ಮಿ ಗೊತ್ತು, ಮೀನ ಗೊತ್ತಿಲ್ರಿ. ಆದ್ರ ಒಳಗ ಜೀವಾಣು ಓಡಾಡಾಕತ್ತಾವ, ಇದು ಖರೇ," ಎಂದರು. ಪುಸ್ತಕ ತಿರುವಿ, ಯಾರಿಗೋ ಫೋನು ಮಾಡಿ, ಔಷಧ ಹೇಳಿದರು. ಆಮಶಂಕೆಗೆ ನಾವು ನುಂಗುವ ಅದೇ ಮೆಟ್ರೊನಿಡಜೋಲ್! "ನೀರಿಗೆ ಹಾಕಿದ್ರ ಕರುಳಿಗೆ ಎಷ್ಟು ಮುಟ್ಟತೈತಿ ಹೇಳಾಕ ಬರೂದಿಲ್ಲ. ತಿನ್ನೂದ್ರಾಗ ಬೆರಸ್ರಿ. ಹೆಚ್ಚಾಗಬಾರದು, ನೋಡ್ರಿ."

ಆ ಕಡೆಯ ಮಾತು ಹೇಳದಿದ್ದರೆ ಚೆನ್ನಾಗಿತ್ತು. ಹುಬ್ಬಳ್ಳಿಗೆ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅಳತೆ ನೋಡುವುದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ತಿರಸ್ಕರಿಸುವುದು. ಅಂಥವನು ಮಾತ್ರೆ ಅರೆದ ಒಂದು ಚಿಟಿಕೆ ಪುಡಿಯನ್ನು ತಕ್ಕಡಿಗೆ ಹಾಕಿ, ತೆಗೆದು, ಮತ್ತೆ ಹಾಕಿದೆ. ಅಂತೂ ಡಾಕ್ಟರು ಹೇಳಿದಷ್ಟನ್ನೇ ತೂಗಿ ಪಾಲಕ್ ಸೊಪ್ಪಿಗೆ ಸವರಿ ಕೊಟ್ಟೆ. ಮೀನು ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿತು. ಆ ಕಹಿಯನ್ನು ಉಂಡವರೇ ಬಲ್ಲರು. ಮತ್ತೆ ಕೊಟ್ಟರೂ ಮತ್ತೆ ಉಗುಳಿತು. ಮರುದಿನ ಅದು ಮೂಲೆಯಲ್ಲಿ ನಿಂತಿತು, ಔಷಧವಿಲ್ಲದ ಸೊಪ್ಪನ್ನೂ ಅನುಮಾನದಿಂದ ನೋಡತೊಡಗಿತು. ನಾನು ಗಾಜಿನ ಈಚೆ ಕುರ್ಚಿ ಹಾಕಿಕೊಂಡು ಕೂತೆ.

"ಕೂಸಿಗೆ ಗುಳಗಿ ಹಂಗ ಕೊಡ್ತಾರೇನು? ಸರಿ ಅತ್ತಾಗ," ಎಂದಳು ಅವ್ವ.

ಪಾಲಕ್ ಬೇಯಿಸಿ ಅರೆದಳು. ಬೆಳ್ಳುಳ್ಳಿ ಜಜ್ಜಿ ರಸ ಹಿಂಡಿದಳು. ಹಬ್ಬದ ಹಲ್ವಾಕ್ಕೆಂದು ತಂದಿಟ್ಟಿದ್ದ ಚೈನಾ ಗ್ರಾಸ್ ಕರಗಿಸಿ ಬೆರೆಸಿದಳು. ಅದು ಬೆಚ್ಚಗಾದ ಮೇಲೆ ನಾನು ಅಳೆದ ಪುಡಿ ಹಾಕಿದೆ. ಹೆಪ್ಪುಗಟ್ಟಿದ ಮೇಲೆ ಗಿರಿಜಾ ಸಾಸಿವೆಯಷ್ಟು ಸಣ್ಣಗೆ ಹೆಚ್ಚಿದಳು. ಆ ಚೈನಾ ಗ್ರಾಸ್ ಆಗುವುದು ಸಮುದ್ರದ ಪಾಚಿಯಿಂದಲೇ ಎಂದು ನಾನು ವಿವರಿಸಲು ಹೋದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೂವರ ಕಣ್ಣೂ ಟ್ಯಾಂಕಿನ ಮೇಲಿತ್ತು.

ಮೀನು ಬಂತು, ಮೂಸಿದಂತೆ ಮಾಡಿತು. ಒಂದು ಚೂರು ನುಂಗಿತು. ಈಗ ಉಗುಳುತ್ತದೆಂದು ಕಾದೆವು. ಅದು ಇನ್ನೊಂದಕ್ಕೆ ಬಾಯಿ ಹಾಕಿತು.

"ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿಟ್ಟದ್ದಲ್ಲ ಇದು, ನಮ್ಮ ಮಂದೀನ," ಎಂದಳು ಅವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಬೆಳ್ಳುಳ್ಳಿಯ ಘಾಟಿರಬೇಕು.

ಔಷಧ ಮುಗಿಯುವ ಹೊತ್ತಿಗೆ ನೂಲು ಹೋಗಿ ಮಲ ಕಪ್ಪಾಯಿತು. ನಿಧಾನಕ್ಕೆ ಹೊಟ್ಟೆ ತುಂಬಿಕೊಂಡಿತು. ಸುಮಿತ್ರಾ ಮತ್ತೆ ಪರೀಕ್ಷಿಸಿ ಏನೂ ಇಲ್ಲವೆಂದರು. ಆದರೂ ದೊಡ್ಡ ಟ್ಯಾಂಕಿಗೆ ಬಿಡಲು ನನಗೆ ಧೈರ್ಯವಿರಲಿಲ್ಲ. ನಾಳೆ ನೋಡೋಣ, ಮುಂದಿನ ವಾರ ನೋಡೋಣ ಎಂದು ತಳ್ಳಿದೆ. ಕಡೆಗೆ ಗಿರಿಜಾಳೇ, "ಬಿಡ್ರಿ, ನನ್ನ ಎರಡೂ ಮೀನಿಗೆ ನಾನ ಜವಾಬ್ದಾರಿ," ಎಂದಳು. ಬಿಟ್ಟೆ. ಅದು ಒಂದು ಸುತ್ತು ಹಾಕಿ, ಕಲ್ಲಿನ ಹಿಂದೆ ಸರ್ರನೆ ನುಸುಳಿ ಮಾಯವಾಯಿತು.

ನಾನು ಆ ಸಂದಿ ಈ ಸಂದಿ ಬಗ್ಗಿ ನೋಡಿದೆ. ಕಾಣಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.

"ಆರಾಮ ಐತಿ ಅಂತನ ಅಡಗೇತಿ," ಅಡುಗೆಮನೆಯಿಂದ ಅವ್ವ ಕೂಗಿದಳು. "ಜಡ್ಡ ಇದ್ದಾಗ ನಿನ್ನ ಮಾರಿ ನೋಡಕೋತ ನಿಂತಿರ್ತಿತ್ತು. ಈಗ ಅದಕ್ಕ ನೀ ಯಾಕ ಬೇಕು? ಏಳು, ರೊಟ್ಟಿ ಆರತಾವ."

ಎದ್ದೆ. ಕುರ್ಚಿಯನ್ನು ಮಾತ್ರ ಅಲ್ಲಿಯೇ ಬಿಟ್ಟೆ. ಚಿಂತೆ ಮಾಡುವವನಿಗೆ ಅಷ್ಟಾದರೂ ಸವಲತ್ತು ಬೇಡವೇ, ನೀವೇ ಹೇಳಿ.