ಮಾವನ ಜೀನ್ಸ್ ಕನ್ನಡಕ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈಚೆಗೆ ನಾನು ಒಗ್ಗರಣೆಗೆ ಸಾಸಿವೆ ಹಾಕಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತೇನೆ. ಚಟಪಟ ಸದ್ದು ಪೂರ್ತಿ ನಿಂತ ಮೇಲೆಯೇ ತೆರೆಯುವುದು. ಹೀಗಾಗಿ ನಮ್ಮ ಮನೆಯ ಚಿತ್ರಾನ್ನದಲ್ಲಿ ಎರಡು ತಿಂಗಳಿಂದ ಶೇಂಗಾ ಕಪ್ಪಗಾಗಿರುತ್ತದೆ. ಮನೆಯವರು ಸುಟ್ಟ ಶೇಂಗಾಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟು ಎದ್ದು ಹೋಗುತ್ತಾರೆ. ಬಿಎಸ್ಸಿ ಓದಿ, ಸಿರುಗುಪ್ಪದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಹೆಂಗಸು ಒಂದು ಸಾಸಿವೆ ಕಾಳಿಗೆ ಹೆದರುತ್ತಾಳೆಂದರೆ ಅದರ ಹಿಂದೆ ಏನಾದರೂ ಇರಬೇಕಲ್ಲ? ಇದೆ. 'ಟಣ್' ಎಂಬ ಒಂದು ಸದ್ದಿದೆ. ಅದನ್ನು ಹೇಳಬೇಕಾದರೆ ಕನ್ನಡಕದಿಂದ ಶುರುಮಾಡಬೇಕು.

ನಾನು ಎಂಟನೇ ಕ್ಲಾಸಿನಿಂದ ಕನ್ನಡಕದವಳು. ಆದರೆ ಅದೆಂದೂ ನನ್ನ ಆಯ್ಕೆಯದಾಗಿರಲಿಲ್ಲ. ಅಂಗಡಿಯವರು ಕಂದು ಬಣ್ಣದ ಒಂದು ಫ್ರೇಮನ್ನು ಮೂಗಿನ ಮೇಲೆ ಕೂರಿಸಿ, 'ಗಟ್ಟಿ ಐತ್ರಿ' ಅಂದರೆ ಮುಗಿಯಿತು. ಗಟ್ಟಿ ಎಂಬ ಮಾತಿನ ಮುಂದೆ ಚೆಂದ ಎಂಬುದು ಬಾಯಿ ತೆರೆಯುವಂತಿಲ್ಲ. ಸ್ಕ್ರೂ ಬಿದ್ದರೆ ಸೇಫ್ಟಿ ಪಿನ್ನು, ಕಡ್ಡಿ ಮುರಿದರೆ ಅಂಟುಪಟ್ಟಿ. ನಮ್ಮ ಹಿರಿಯರು ಕನ್ನಡಕವನ್ನು ಚಾಳೀಸು ಎನ್ನುತ್ತಿದ್ದರು. ಚಾಲೀಸ್, ಅಂದರೆ ನಲವತ್ತು ದಾಟಿದವರ ಸಾಮಾನು. ವಯಸ್ಸಿನ ಹೆಸರಿಟ್ಟುಕೊಂಡ ವಸ್ತುವಿನಲ್ಲಿ ಸೊಗಸು ಹುಡುಕುವುದು ಎಂಥ ಹುಚ್ಚು ಎಂದು ನಾನೂ ನಂಬಿದ್ದೆ. ತಲೆಯ ಮೇಲೆ ಕನ್ನಡಕ ಏರಿಸಿಕೊಂಡು ಫೋಟೋಗೆ ನಿಲ್ಲುವವರನ್ನು ಕಂಡರೆ, 'ಕಣ್ಣು ನೆತ್ತಿಯಲ್ಲಿದೆಯೇನೋ ಪಾಪ' ಎಂದು ನಗುತ್ತಿದ್ದೆ.

ನನ್ನ ಸೋದರಮಾವ ಈರಣ್ಣ ಹಾಗಲ್ಲ. ಅವನು ಹುಟ್ಟಾ ಶೋಕಿಲಾಲ. ಕುರುಗೋಡಿನಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುವ ಕೆಲಸ ಅವನದು. ಗುಡಿಗೆ ಕಂಬ ಕೊಟ್ಟವರ ಹೆಸರು, ಹೊಸ ಮನೆಯ ಹೆಸರು, ತೀರಿಕೊಂಡವರ ಹೆಸರು, ಹೀಗೆ ಊರ ಸುತ್ತಿನ ಕಲ್ಲುಗಳಲ್ಲಿ ಅರ್ಧಕ್ಕರ್ಧ ಅವನ ಕೈಬರಹದಲ್ಲೇ ಮಾತಾಡುತ್ತವೆ. ದಿನವೆಲ್ಲ ಕಲ್ಲಿನ ಪುಡಿಯಲ್ಲಿ ಮುಳುಗಿದ್ದರೂ ಸಂಜೆ ಚಹಾಕ್ಕೆ ಹೊರಡುವಾಗ ಇಸ್ತ್ರಿ ಅಂಗಿ, ಕಿವಿಯ ಹಿಂದೆ ಅತ್ತರು, ಜೇಬಿನಲ್ಲಿ ಬಾಚಣಿಗೆ. ಕೊರತೆ ಒಂದೇ. ನಾನು ಸಣ್ಣವಳಿದ್ದಾಗ ಸಿಡಿದ ಒಂದು ಚಕ್ಕೆ ಅವನ ಎಡಗಣ್ಣನ್ನು ತಿಂದುಹಾಕಿತ್ತು. ಅದು ಬೆಳ್ಳಗೆ ಕೂತುಬಿಟ್ಟಿತು. ಅಂದಿನಿಂದ ನಮ್ಮ ಮನೆಯ ಯಾವ ಆಲ್ಬಮ್ಮಿನಲ್ಲೂ ಮಾವನ ಪೂರ್ತಿ ಮುಖ ಇಲ್ಲ. ಎಲ್ಲದರಲ್ಲೂ ಬಲಗಡೆ ಮಾತ್ರ. ಯಾರದೇ ಮದುವೆಯಾಗಲಿ, ಮಾವ ಮಾತ್ರ ದೂರದಲ್ಲಿ ಯಾರೋ ಕರೆದಂತೆ ಅತ್ತ ತಿರುಗಿರುತ್ತಾನೆ.

ಉಳಿದದ್ದು ಒಂದೇ ಕಣ್ಣು, ಅದನ್ನಾದರೂ ಕಾಪಾಡಿಕೋ ಎಂದು ಹಿಂದೊಮ್ಮೆ ಕಾರ್ಖಾನೆಯವರು ಹಾಕುವಂಥ ದಪ್ಪ ಕನ್ನಡಕ ತಂದುಕೊಟ್ಟಿದ್ದೆ. ರಬ್ಬರಿನ ಪಟ್ಟಿ, ಅತ್ತಿತ್ತ ತೂತು. ಒಂದು ಸಲ ಹಾಕಿಕೊಂಡು ಕನ್ನಡಿ ನೋಡಿದ.

'ಲೇ ಸುಮ್ಮಿ, ನಾನೇನು ಬಾವಿಗಿ ಧುಮುಕಾಕ ಹೊಂಟೀನೇನು?'

ಮುಗಿಯಿತು. ಅದು ಅಡುಗೆಮನೆಯ ಮೊಳೆಗೆ ಹೋಯಿತು. ಈಗಲೂ ಮಾವನ ಹೆಂಡತಿ ಗಂಗತ್ತಿ ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣುರಿಯದಂತೆ ಅದನ್ನು ಹಾಕಿಕೊಳ್ಳುತ್ತಾಳೆ. ಅವಳ ಪ್ರಕಾರ ನಾನು ಅವಳಿಗೆ ಕೊಟ್ಟ ಉಡುಗೊರೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಈ ವರ್ಷ ಮಾವನ ಮಗಳಿಗೆ ಸಿರುಗುಪ್ಪದ ಸಂಬಂಧ ಕುದುರಿತು. ನಿಶ್ಚಯದ ದಿನ ಹತ್ತಿರ ಬಂದಂತೆ ಮಾವ ಮಂಕಾಗತೊಡಗಿದ. ಹೊಸ ಬೀಗರ ಎದುರಿಗೆ ಕೂರಬೇಕು, ತಟ್ಟೆ ಬದಲಾಯಿಸಬೇಕು, ಫೋಟೋದವರು ನೆಟ್ಟಗೆ ನೋಡಿ ಅನ್ನುತ್ತಾರೆ. 'ನಾ ಹಿಂದ ಅಡಗಿ ಕಡಿಗಿ ನೋಡಕೊಂತೀನಿ, ಎದುರಿಗೆ ನಿಮ್ಮತ್ತಿ ಕುಂದ್ರಲಿ' ಎಂದ. ಮಗಳ ತಂದೆ ಅಡುಗೆಯವರ ಹಿಂದೆ ಬಚ್ಚಿಟ್ಟುಕೊಳ್ಳುವುದು ನನಗೆ ಸಹಿಸಲಾಗಲಿಲ್ಲ. ಆ ಬಿಳಿಗಣ್ಣು ಕಾಣದ ಹಾಗೆ ತಿಳಿಗಪ್ಪಿನ ಒಂದು ಕನ್ನಡಕ ಕೊಡಿಸೋಣ ಎಂದು ಬಳ್ಳಾರಿಗೆ ಹೋದೆ.

ಕೌಲ್ ಬಜಾರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಶಬಾನಾ ಇದ್ದಾಳೆ. ಅವಳ ಅಪ್ಪ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ್. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಹಾಸಿಗೆಯಷ್ಟು ಎತ್ತರ ಮಾಡಿ, ಒಂದೇ ಏಟಿಗೆ ಅಷ್ಟೂ ಪ್ಯಾಂಟುಗಳನ್ನು ಕತ್ತರಿಸುತ್ತಾರೆ. ಕಾಲು ಕಾಲಿನ ನಡುವೆ ಉಳಿಯುವ ತುಂಡುಗಳಿಗೆ ಆಕಾರವೂ ಇಲ್ಲ, ಹೆಸರೂ ಇಲ್ಲ. ಮೂಟೆಗಟ್ಟಲೆ ಬೀಳುತ್ತವೆ, ಬಹುಪಾಲು ಒಲೆಯ ಪಾಲು. ಡಿಸೈನಿನ ಕೋರ್ಸು ಮುಗಿಸಿ ಬಂದ ಶಬಾನಾ ಆ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಅಂಟಿನಂಥ ರಸ ಸುರಿದು, ಭಾರದ ಕೆಳಗೆ ಒತ್ತಿ ಒಣಗಿಸುತ್ತಾಳೆ. ಮಾರನೆಯ ದಿನ ಅದು ಬಟ್ಟೆಯಲ್ಲ, ಹಲಗೆ. ಅದರಿಂದ ಕನ್ನಡಕದ ಫ್ರೇಮು ಕೊರೆದು ಉಜ್ಜಿದರೆ ಅಂಚಿನಲ್ಲಿ ನೀಲಿ, ತಿಳಿನೀಲಿ, ಬಿಳಿ ಗೆರೆಗಳು ಒಂದರ ಕೆಳಗೊಂದು ಮೂಡುತ್ತವೆ. ಮರದ ವಯಸ್ಸು ಹೇಳುವ ಗೆರೆಗಳಿರುತ್ತವಲ್ಲ, ಹಾಗೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ? 'ಏನಮ್ಮಾ, ಪ್ಯಾಂಟಿನ ಚಿಂದೀನ ಮುಖಕ್ಕ ಹಾಕಸ್ತಿಯಾ?' ಎಂದೆ.

'ಟೀಚರ್, ನೀವು ಹುಟ್ಟಿದಾಗ ನಿಮಗ ಮೊದಲು ಏನು ಸುತ್ತಿದ್ರು? ಹೊಸಾ ಬಟ್ಟೀನಾ?'

ನಮ್ಮ ಕಡೆ ಹಸುಗೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಅಜ್ಜಿಯ ಹಳೆಯ ಸೀರೆಯಲ್ಲೇ ಸುತ್ತುವುದು. ನೂರು ಸಲ ಒಗೆದು ಮೆತ್ತಗಾದ ಬಟ್ಟೆ ಮೈಗೆ ಚುಚ್ಚುವುದಿಲ್ಲ. ಆ ಸೀರೆ ಇನ್ನೂ ಸವೆದರೆ ಕೌದಿಯಾಗಿ ಮತ್ತೆ ಮಗುವಿನ ಕೆಳಗೇ ಬರುತ್ತದೆ. ಹೀಗೆ ಚಿಂದಿಯಲ್ಲಿ ಕಣ್ಣು ಬಿಟ್ಟು, ಚಿಂದಿಯ ಮೇಲೆ ಮಲಗಿ ಬೆಳೆದವಳು, ದೊಡ್ಡವಳಾದ ಮೇಲೆ ಮರುಬಳಕೆ ಎಂಬ ಪಾಠವನ್ನು ಪುಸ್ತಕ ನೋಡಿಕೊಂಡು ಕಲಿಸುತ್ತಿದ್ದೆ.

ಯಾರಿಗೆ ಎಂದು ಕೇಳಿದಳು. ಕಲ್ಲು ಕೆತ್ತುವ ಮಾವನಿಗೆ ಎಂದೆ. ಅವಳು ಇಟ್ಟಿದ್ದ ತೆಳು ಗಾಜನ್ನು ಪಕ್ಕಕ್ಕೆ ಸರಿಸಿ, ಒಡೆಯದ ಜಾತಿಯ ದಪ್ಪ ಲೆನ್ಸ್ ತೆಗೆದಳು. ಅಕ್ಕಪಕ್ಕ ಅಗಲ ಇರಲಿ ಎಂದಳು. ನಿಶ್ಚಯಕ್ಕೆ ಹಾಕಿಕೊಳ್ಳುವುದಕ್ಕೆ ಇಷ್ಟೆಲ್ಲ ಯಾಕೆ, ವ್ಯಾಪಾರದ ಮಾತು ಅಂದುಕೊಂಡೆ. ವಿಜ್ಞಾನದ ಟೀಚರು ನಾನು. ಆಕೆ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಕನ್ನಡಕ ಹಾಕಿಕೊಂಡು ಮಾವ ಕನ್ನಡಿಯ ಮುಂದೆ ನಿಂತ. ನೆಟ್ಟಗೆ ನೋಡಿದ. ಬಲಕ್ಕೆ ತಿರುಗಿದ. ಆಮೇಲೆ, ಆ ಮನೆಯಲ್ಲಿ ನಾನೆಂದೂ ಕಾಣದಿದ್ದದ್ದು, ಎಡಕ್ಕೂ ತಿರುಗಿ ನೋಡಿಕೊಂಡ. ಮರುದಿನದಿಂದ ದಿನಕ್ಕೊಂದು ಸಲ ಇದ್ದ ಚಹಾ ಮೂರು ಸಲವಾಯಿತು. ಸಿಕ್ಕವರಿಗೆಲ್ಲ ಫ್ರೇಮಿನ ಅಂಚು ತೋರಿಸಿ, 'ಇದು ಜೀನ್ಸ್ ಐತಪಾ, ನಮ್ಮ ಬಳ್ಳಾರಿದು' ಎನ್ನುತ್ತಿದ್ದನಂತೆ. 'ಮುಂಜಾನೆ ಹಲ್ಲು ತಿಕ್ಕಾಕೂ ಚಸ್ಮಾ ಬೇಕು ಇವರಿಗೆ. ಮದಿವಿ ಮಗಳದೋ ಇವರದೋ ಕೇಳು' ಎಂದು ಗಂಗತ್ತಿ ಫೋನಿನಲ್ಲಿ ದೂರಿದಳು. ದೂರಿನಲ್ಲಿ ನಗು ಇತ್ತು.

ನಿಶ್ಚಯಕ್ಕೆ ನಾಲ್ಕು ದಿನ ಇರುವಾಗ ಏನೋ ಮಾತಾಡುವುದಿದೆ ಎಂದು ಕುರುಗೋಡಿಗೆ ಹೋದೆ. ಬೆಳಗಿನ ಹತ್ತು ಗಂಟೆ. ಹಿಂದೆ ಬಂಡೆಗಳ ಗುಡ್ಡ, ಮುಂದೆ ಬೇವಿನ ನೆರಳು, ನಡುವೆ ಮಾವನ ತಗಡಿನ ಚಪ್ಪರ. ಕಲ್ಲಿನ ಮೇಲೆ ಒಂದು ಹೆಸರಿನ ದೊಡ್ಡ ಅಕ್ಷರಗಳನ್ನು ಕೈಮಷೀನಿನಲ್ಲಿ ಕೊರೆಯುತ್ತಿದ್ದ. ಗಿರ್ರನೆ ತಿರುಗುವ ಅದರ ಬಿಲ್ಲೆಗೆ ಒಂದು ತಗಡಿನ ಮುಚ್ಚಳ ಇರುತ್ತದೆ, ಗಾರ್ಡ್ ಅನ್ನುತ್ತಾರೆ. ಅದನ್ನು ಬಿಚ್ಚಿ ಕಿಟಕಿಯಲ್ಲಿಟ್ಟಿದ್ದ. ಅಕ್ಷರ ಕೆತ್ತುವವರೆಲ್ಲ ಮಾಡುವ ತಪ್ಪೇ ಇದು. ಮುಚ್ಚಳವಿದ್ದರೆ ಗೆರೆ ಕಾಣುವುದಿಲ್ಲ, ಗೆರೆ ಕಾಣದಿದ್ದರೆ 'ಶ್ರೀ'ಯ ಸುಳಿ ತಪ್ಪುತ್ತದೆ. ಕೈ ಹೋದರೂ ಸರಿ, ಸುಳಿ ತಪ್ಪಬಾರದು ಎನ್ನುವ ಜನ.

ನನಗೆ ಗಾರ್ಡ್ ಕಾಣಲೇ ಇಲ್ಲ. ಕಂಡದ್ದು ಕನ್ನಡಕದ ಮೇಲಿನ ಧೂಳು.

'ಮಾವ, ತೆಗೆದಿಡು ಅದನ್ನ. ಗೀಚು ಬೀಳತಾವು. ಐತವಾರ ಬೀಗರ ಮುಂದ ಹೊಸಾದು ಇರಬೇಕಲ್ಲ?'

ಒಳ್ಳೆಯದನ್ನೆಲ್ಲ ಬೀರುವಿನಲ್ಲಿ ಇಡುವ ಮನೆತನ ನಮ್ಮದು. ಒಳ್ಳೆಯ ಸೀರೆ ಮದುವೆಗೆ, ಒಳ್ಳೆಯ ತಟ್ಟೆ ನೆಂಟರಿಗೆ, ಒಳ್ಳೆಯ ಚಾದರ ಯಾರೂ ಮಲಗದ ಮಂಚಕ್ಕೆ. ಮಾವನಿಗೂ ಮಾತು ಸರಿ ಅನ್ನಿಸಿತು. ಮಷೀನು ಆರಿಸಿ, ಎರಡೂ ಕೈಯಿಂದ ಕನ್ನಡಕ ತೆಗೆದ. ನಾನು ಕೈ ಚಾಚಿದೆ. ಅಷ್ಟರಲ್ಲಿ ತನ್ನ ಗಂಡನ ಹೆಸರಿನ ಕಲ್ಲು ಎಲ್ಲಿಗೆ ಬಂತೆಂದು ನೋಡಲು ಒಬ್ಬ ಹೆಂಗಸು ಚಪ್ಪರದೊಳಗೆ ಕಾಲಿಟ್ಟಳು. ಮಾವ ಥಟ್ಟನೆ ಕನ್ನಡಕವನ್ನು ಮುಖಕ್ಕೆ ಏರಿಸಿಕೊಂಡ. ಪರರ ಮುಂದೆ ಆ ಬಿಳಿಗಣ್ಣು ತೋರಿಸಲು ಅವನಿಗೆ ಮನಸ್ಸಿಲ್ಲ. 'ಆಮ್ಯಾಲ ತೆಗಿತೀನಿ ತಡಿ' ಎಂದು ಮೆಲ್ಲಗೆ ನನಗೆ ಹೇಳಿ ಮಷೀನು ಹಚ್ಚಿದ.

ಟಣ್.

ಬಿಲ್ಲೆ ಒಡೆದಿತ್ತು. ಒಂದು ಚೂರು ತಗಡಿಗೆ ಬಡಿಯಿತು. ಇನ್ನೊಂದು ಎಲ್ಲಿ ಹೋಯಿತೆಂದು ನಾನು ನೋಡಲಿಲ್ಲ, ನೋಡಿದ್ದು ಮಾವನ ತಲೆ ಹಿಂದಕ್ಕೆ ಎಸೆದಂತೆ ಹೋದದ್ದನ್ನು. ಮಷೀನು ಕೈಯಿಂದ ಜಾರಿ ಮಣ್ಣಲ್ಲಿ ಗುರುಗುಟ್ಟಿ ನಿಂತಿತು. ಮಾವ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ನನ್ನ ಕೈ ಇನ್ನೂ ಚಾಚಿಕೊಂಡೇ ಇತ್ತು. ಅಂಗೈಗಳ ಹಿಂದೆ ಇರುವುದು ಒಂದೇ ಕಣ್ಣು ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು. ಹೋಗಿ ಆ ಕೈ ಸರಿಸಿ ನೋಡುವ ಧೈರ್ಯ ನನಗಾಗಲಿಲ್ಲ.

'ಮಾವ...' ಎಂದೆ.

ಆಮೇಲೆ ಅಂಗೈಯೊಳಗಿನಿಂದ ದನಿ ಬಂತು.

'ಸುಮ್ಮಿ, ಚಸ್ಮಾ ಒಡದೈತೇನು ನೋಡಲೇ.'

ಕೈ ತೆಗೆದ. ಬಲಗಡೆಯ ಲೆನ್ಸಿನ ನಟ್ಟನಡುವೆ ನಕ್ಷತ್ರದಂಥ ಒಂದು ಬಿಳಿ ಗಾಯ. ಅದರ ಹಿಂದೆ ಮಾವನ ಕಣ್ಣು, ಒದ್ದೆಯಾಗಿ, ಕೆಂಪಾಗಿ, ನನ್ನನ್ನೇ ನೋಡುತ್ತಿತ್ತು. ಮೂಗಿನ ಮೇಲೆ ಫ್ರೇಮು ಸೀಳಿತ್ತು, ಆದರೆ ಎರಡು ತುಂಡಾಗಿರಲಿಲ್ಲ. ಸೀಳಿನಲ್ಲಿ ನೀಲಿ ನೂಲುಗಳು ಹೊರಗೆ ಬಂದು ಎರಡೂ ಕಡೆಯನ್ನು ಹಿಡಿದುಕೊಂಡಿದ್ದವು. ಬರೀ ಪ್ಲಾಸ್ಟಿಕ್ ಆಗಿದ್ದರೆ ಪಟ್ಟನೆ ಮುರಿಯುತ್ತಿತ್ತೇನೋ. ಗೋಡೆಯ ಮಣ್ಣಿಗೆ ಹುಲ್ಲು ಕಲಸುವುದು ಯಾಕೆಂದು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ಉತ್ತರ ನನ್ನ ಕಣ್ಣೆದುರು ಮಾವನ ಮೂಗಿನ ಮೇಲೆ ಕೂತಿತ್ತು. ಒಲೆಗೆ ಹೋಗಬೇಕಿದ್ದ ನೂಲುಗಳು!

ಬಂದ ಹೆಂಗಸು ಮೊದಲು ನೋಡಿದ್ದು ಕಲ್ಲನ್ನು. 'ಹೆಸರಿಗೇನೂ ಆಗಿಲ್ಲಲ್ರಿ?' ಎಂದು ಕೇಳಿದಳು. ಪಾಪ, ಅವಳಿಗೆ ಅವಳ ಚಿಂತೆ. ತಾನು ಅರ್ಧ ನಿಮಿಷ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೆಂದು ಅವಳಿಗೆ ಗೊತ್ತಿಲ್ಲ. ನನಗೆ ಮಾತ್ರ ಗೊತ್ತು. ಅದಕ್ಕೇ ಅದು ನನ್ನನ್ನು ಬಿಡುತ್ತಿಲ್ಲ. ಬಸ್ಸಿನಲ್ಲಿ ಕೂತರೂ, ಬೋರ್ಡಿನ ಮೇಲೆ ಬರೆಯುತ್ತಿದ್ದರೂ ಅದೇ ಚಪ್ಪರ ಎದುರು ಬರುತ್ತದೆ. ಒಂದೊಂದು ಸಲ ಆ ಹೆಂಗಸು ಬರುವುದೇ ಇಲ್ಲ. ಕನ್ನಡಕ ನನ್ನ ಕೈಗೆ ಬರುತ್ತದೆ, ನಾನು ಅದನ್ನು ಸೆರಗಿನಿಂದ ಒರೆಸುತ್ತಿರುತ್ತೇನೆ, ಮತ್ತೆ ಟಣ್. ಅಲ್ಲಿಗೆ ಕಣ್ಣು ಮುಚ್ಚಿಕೊಳ್ಳುತ್ತವೆ. ಸಾಸಿವೆಯ ತಪ್ಪೇನೂ ಇಲ್ಲ.

ಯೋಚಿಸಿದಷ್ಟೂ ಬೆರಗಾಗುತ್ತದೆ. ಮಾವನ ಕಣ್ಣು ಉಳಿಸಿದ್ದು ನನ್ನ ವಿಜ್ಞಾನವಲ್ಲ, ಅದು ಅಡುಗೆಮನೆಯ ಮೊಳೆಯ ಮೇಲೆ ಉಳ್ಳಾಗಡ್ಡಿ ಕಾಯುತ್ತಿತ್ತು. ನನ್ನ ಜಾಣತನವಂತೂ ಕನ್ನಡಕ ಕಸಿಯಲು ಕೈ ಚಾಚಿ ನಿಂತಿತ್ತು. ಕಾಪಾಡಿದ್ದು ಅವನ ಶೋಕಿ. ಕಾಣದ ಕಣ್ಣಿನ ನಾಚಿಕೆಗೆ ಹಾಕಿಕೊಂಡ ಸೊಗಸು, ಕಾಣುವ ಕಣ್ಣಿಗೆ ಅಡ್ಡ ನಿಂತಿತು. ಆ ಫ್ರೇಮಿಗೆ ಬಿದ್ದ ತುಂಡಿನ ಪಕ್ಕದ ಬಟ್ಟೆ ಈಗ ಯಾವ ಊರಲ್ಲಿ ಯಾರ ಕಾಲಿಗೆ ಪ್ಯಾಂಟಾಗಿ ಓಡಾಡುತ್ತಿದೆಯೋ. ಅವರಿಗೆ ಎಲ್ಲೇ ಇರಲಿ ಒಳ್ಳೆಯದಾಗಲಿ.

ಒಡೆದದ್ದನ್ನು ಶಬಾನಾಗೆ ಕೊಂಡೊಯ್ದು ತೋರಿಸಿದೆ, ಮಾವನೂ ಬಂದಿದ್ದ. ಅವಳು ಸೀಳಿನ ಮೇಲೆ ಉಗುರು ಆಡಿಸಿದಳು. ಲೆನ್ಸಿನ ನಕ್ಷತ್ರವನ್ನು ಬೆಳಕಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂದಿತ್ತು, ಆದರೆ ಹೇಳಿದ್ದು ಇಷ್ಟೇ: 'ಮೂಗಿನ ಹತ್ರ ಎರಡು ಪದರ ಹೆಚ್ಚಿಗಿ ಹಾಕ್ತೀನ್ರಿ.' ಮಷೀನಿಗೆ ಗಾರ್ಡ್ ಹಾಕು ಎಂದು ನಾನು ದಾರಿಯುದ್ದಕ್ಕೂ ಹೇಳಿದ್ದೆ, ಮಾವ 'ಹೂಂ' ಎಂದಿದ್ದ, ಅಷ್ಟೆ. ನಿಶ್ಚಯದ ಹಿಂದಿನ ದಿನ ಶಬಾನಾ ಹೊಸ ಕನ್ನಡಕ ಕೊಡುತ್ತ, 'ಗಾರ್ಡ್ ಇಲ್ಲಂದ್ರ ಕಲ್ಲಿನ ಪುಡಿಗೆ ಫ್ರೇಮಿನ ಪಾಲಿಶ್ ಹೋಗತೈತಿ ನೋಡ್ರಿ ಮಾಮಾ, ಚಂದ ಕಾಣಂಗಿಲ್ಲ' ಎಂದಳು. ಅಂದು ಸಂಜೆಯೇ ಗಾರ್ಡ್ ಕಿಟಕಿಯಿಂದ ಇಳಿಯಿತು. 'ಶ್ರೀ'ಯ ಸುಳಿ ಈಗ ಒಂದಿಷ್ಟು ತಪ್ಪಿದರೂ ತಪ್ಪಲಿ ಅನ್ನುತ್ತಾನೆ.

ನಿಶ್ಚಯದ ಫೋಟೋ ಬಂದಿದೆ. ಮಾವ ಬೀಗರ ಪಕ್ಕದಲ್ಲಿ, ಎದೆ ಸೆಟೆಸಿ, ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಾನೆ. ಪೂರ್ತಿ ಮುಖ. ಗಂಗತ್ತಿ ಅದನ್ನು ಎಷ್ಟೋ ಹೊತ್ತು ಹಿಡಿದುಕೊಂಡಿದ್ದು, 'ಇವರು ಹಿಂಗದಾರೇನು!' ಎಂದಳು.

ನಾನೂ ಒಂದು ಜೀನ್ಸ್ ಕನ್ನಡಕ ಕೊಂಡಿದ್ದೇನೆ. ಬೀರುವಿನಲ್ಲಿ ಇಟ್ಟಿಲ್ಲ. ಒಗ್ಗರಣೆಗೂ ಅದನ್ನೇ ಹಾಕಿಕೊಳ್ಳುತ್ತೇನೆ. 'ಸಾಸಿವೆ ಮುಂದ ಇಷ್ಟು ಸ್ಟೈಲ್ ಯಾಕ?' ಎಂದು ಮನೆಯವರು ಮೊನ್ನೆ ಕೇಳಿದರು. ಉತ್ತರ ಕೊಡಲು ಪುರುಸೊತ್ತಿರಲಿಲ್ಲ, ಶೇಂಗಾ ಕೆಂಪಾಗುವುದನ್ನು ಎರಡು ತಿಂಗಳಲ್ಲಿ ಮೊದಲ ಸಲ ಕಣ್ಣು ಬಿಟ್ಟು ನೋಡುತ್ತಿದ್ದೆ.