ಅವನು ಯಾರ ಪೈಕಿ?

ಮೂವತ್ತು ವರ್ಷಗಳಿಂದ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಓದುತ್ತಿದ್ದೇನೆ. ಕೊಲೆಗಾರನನ್ನು ಒಮ್ಮೆಯೂ ನಾನಾಗಿ ಹಿಡಿದಿಲ್ಲ. ಕಾಲೇಜಿನಲ್ಲಿ ಗಣಿತ ಕಲಿಸುವವನು ಇದನ್ನು ಹೇಳಿಕೊಂಡು ತಿರುಗುವಂತಿಲ್ಲ. ನಾನು ಸಂಶಯಪಟ್ಟವನು ಮುಂದಿನ ಅಧ್ಯಾಯದಲ್ಲಿ ತಾನೇ ಹೆಣವಾಗಿ ಬಿದ್ದಿರುತ್ತಾನೆ. ಆದರೂ ಆ ಸುಖ ಬಿಡುವಂಥದ್ದಲ್ಲ. ಹೊರಗೆ ಬಾಗಲಕೋಟೆಯ ಬಿಸಿಲು ಧಗಧಗ ಎನ್ನುವಾಗ ಫ್ಯಾನಿನ ಕೆಳಗೆ ಕಾಲು ಚಾಚಿ, ಮಂಜು ಮುಸುಕಿದ ಬಂಗಲೆಯಲ್ಲಿ ಹತ್ತು ಜನ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ಚಹಾ ಕುಡಿಯುವುದನ್ನು ಓದಬೇಕು. ಮನೆಯಲ್ಲಿ ಹೆಣ ಬಿದ್ದರೂ ಅವರ ಊಟದ ಹೊತ್ತು ತಪ್ಪುವುದಿಲ್ಲ. ನಮ್ಮಲ್ಲಾದರೆ ಮಣ್ಣಾಗುವ ತನಕ ಒಲೆ ಹೊತ್ತುವುದಿಲ್ಲ.

ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಈ ಪುಸ್ತಕಗಳು ಒಂದು ಇಡೀ ಕಪಾಟು ಹಿಡಿದಿವೆ. ಹೋದ ತಿಂಗಳು ಹೆಂಡತಿ ಅದರ ಮೇಲೆ ಕಣ್ಣು ಹಾಕಿದಳು. ನಾನು ಆಗಷ್ಟೇ ತೆರೆದಿದ್ದ ಹೊಸ ಕಾದಂಬರಿಯತ್ತ ಕೈ ತೋರಿಸಿದಳು.

"ಇದೊಂದು ಪುಸ್ತಕದಾಗರ ಕೊಲೆಗಾರ ಯಾರಂತ ಮೊದಲ ಹೇಳ್ರಿ, ಕಪಾಟ ನಿಮ್ದ. ಇಲ್ಲಂದ್ರ ನನ್ನ ಸೀರಿಗೆ ಬಿಡ್ರಿ."

ಒಪ್ಪಿದೆ. ಈ ಸಲ ಸೋಲಬಾರದೆಂದು ಹಟ ತೊಟ್ಟು, ಯಾರು ಎಷ್ಟು ಗಂಟೆಗೆ ಎಲ್ಲಿದ್ದರೆಂದು ಕೋಷ್ಟಕ ಹಾಕಿದೆ. ಕೊನೆಯ ಅಧ್ಯಾಯದ ಬಾಗಿಲಿಗೆ ಬಂದಾಗ ಎಲ್ಲರ ಮೇಲೂ ಸಮನಾದ ಸಂಶಯವಿತ್ತು. ಗಣಿತದಿಂದ ಅಷ್ಟು ಉಪಯೋಗವಾಯಿತು.

ಪುಸ್ತಕ ಬಗಲಲ್ಲಿಟ್ಟುಕೊಂಡು ಇಳಕಲ್ಲಿನ ಬಸ್ಸು ಹತ್ತಿದೆ. ಅಲ್ಲಿರುವ ನನ್ನ ಸೋದರತ್ತೆಗೆ ಇಂಗ್ಲಿಷ್ ಗೊತ್ತಿಲ್ಲ, ಮನುಷ್ಯರು ಗೊತ್ತು. ಸೀರೆಯ ನೂಲು ಸುತ್ತುತ್ತಲೇ ಕಥೆ ಕೇಳಿದಳು. ಶ್ರೀಮಂತ ಮುದುಕಿ ಸತ್ತಿದ್ದಾಳೆ. ಎಂದೂ ಕಾಣದ ಅವಳ ತಮ್ಮನ ಮಗ ಪರದೇಶದಿಂದ ಬಂದು ಒಂದು ತಿಂಗಳಿಂದ ಮನೆಯಲ್ಲಿದ್ದಾನೆ ಎಂದಾಗ ಕೈ ನಿಲ್ಲಿಸಿದಳು.

"ನಿಮ್ಮವ್ವನ ತವರುಮನಿ ಯಾವ್ದಪಾ ಅಂತ ಅಂವಗ ಯಾರೂ ಕೇಳಲಿಲ್ಲೇನು?"

"ಇಲ್ಲತ್ತಿ. ಅವ್ರೊಳಗ ಹಂಗ ಕೇಳಂಗಿಲ್ಲ."

"ತಿಂಗಳಾನಗಟ್ಲೆ ಉಂಡಾನ, ಯಾರ ಪೈಕಿ ಅಂತ ಗೊತ್ತಿಲ್ಲ! ಕೊಲೆಗಾರ ಅಂವನ ಅದಾನ ಬಿಡು."

ನನಗೆ ಭಾರಿ ಬೆಳಕಾಯಿತು. ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ನಿಂತವನ ಊರು, ಮನೆತನ, ಬೀಗರು ಎಲ್ಲವನ್ನೂ ಪಕ್ಕದವರು ಎರಡು ನಿಮಿಷದಲ್ಲಿ ಕೇಳಿ ಮುಗಿಸುತ್ತಾರೆ. ಸುಳ್ಳು ಹೆಸರಿನಲ್ಲಿ ಒಂದು ಚಹಾ ಕುಡಿಯುವುದೂ ನಮ್ಮ ಕಡೆ ಕಷ್ಟ.

ಮನೆಗೆ ಬಂದು, "ತಮ್ಮನ ಮಗ" ಎಂದು ಘನವಾಗಿ ಘೋಷಿಸಿ, ಹೆಂಡತಿಯ ಎದುರೇ ಕೊನೆಯ ಅಧ್ಯಾಯ ಓದಿದೆ. ಕೊಂದವನು ಮನೆಯ ಡಾಕ್ಟರು. ಸಂಜೆಗೆ ಕಪಾಟು ಖಾಲಿಯಾಯಿತು, ಪುಸ್ತಕಗಳು ಮಂಚದಡಿ ಸೇರಿದವು. ನನಗೆ ನಿಜಕ್ಕೂ ದುಃಖವಾಯಿತು.

ಅತ್ತೆಗೆ ಫೋನು ಮಾಡಿದರೆ ಅವಳು ಜಗ್ಗಲಿಲ್ಲ. "ಡಾಕ್ಟರ ಕೊಂದಿದ್ರ ಕೊಂದಿರ್ಲಿ. ಆ ಹುಡುಗ ಯಾರ ಪೈಕಿ ಅಂತ ಕಡೀಕರ ಬರದಾರೇನು?"

ಹುಡುಕಿದೆ. ಬರೆದಿರಲಿಲ್ಲ. ಆಸ್ತಿಯೆಲ್ಲ ಅವನಿಗೇ ಬಂದಿತ್ತು; ಪತ್ತೇದಾರನೇ ಕೈಕುಲುಕಿ ಬೀಳ್ಕೊಟ್ಟಿದ್ದ.

"ಹಂಗಾದ್ರ ಆ ಪತ್ತೇದಾರಂದು ಅರ್ಧಾ ಕೆಲಸ. ನೀ ಮತ್ತ ಮೊದಲಿಂದ ಓದು" ಎಂದು ಅತ್ತೆ ಫೋನಿಟ್ಟಳು.

ಸೀರೆ ಜೋಡಿಸುತ್ತ ಫೋನಿನ ಮಾತು ಕೇಳಿಸಿಕೊಂಡಿದ್ದ ಹೆಂಡತಿ ತಿರುಗಿ ನೋಡಿದಳು. "ಖರೇನ, ಅಂವ ಯಾರ ಪೈಕಿರೀ?"

ಗೊತ್ತಿಲ್ಲವೆಂದೆ. ಕೈಯಲ್ಲಿದ್ದ ಸೀರೆಯನ್ನು ಮಂಚದ ಮೇಲಿಟ್ಟು, ನನ್ನ ಪಕ್ಕ ಬಂದು ಕುಳಿತಳು.

"ಓದ್ರಿ ಮೊದಲಿಂದ. ಜೋರಾಗಿ ಓದ್ರಿ. ತಿಳೀಲಿಲ್ಲಂದ್ರ ಕೇಳ್ತೇನಿ."